ವಿಲೀನದಲ್ಲಿ ಕಳೆದುಹೋದ ಭಿನ್ನಮತ

ಆಡಳಿತ ಯಂತ್ರದಲ್ಲಿ ಒಂದು ಕೆಲಸವನ್ನು ಯಾವ ಇಲಾಖೆಗೆ ಒಪ್ಪಿಸಬೇಕೆಂಬುದು ಮೇಲ್ನೋಟಕ್ಕೆ ಕಡತ ಹಂಚಿಕೆಯ ವಿಷಯವಾಗಿ ಕಂಡರೂ, ಆ ಕೆಲಸದ ಪರವಾಗಿ ಸರ್ಕಾರದೊಳಗೆ ಯಾರು ಮಾತನಾಡುತ್ತಾರೆ, ಆ ಮಾತು ಎಷ್ಟು ಎತ್ತರದವರೆಗೆ ಮುಟ್ಟುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಈ ಹಂಚಿಕೆಯೇ. ಶಸ್ತ್ರಾಸ್ತ್ರ ನಿಯಂತ್ರಣದ ವಿಷಯದಲ್ಲಿ ಇದು ಇನ್ನಷ್ಟು ನಿಜ. ನಿಶ್ಶಸ್ತ್ರೀಕರಣವೆಂದರೆ ಆಯುಧಗಳನ್ನು ಇಲ್ಲವಾಗಿಸುವುದು. ಶಸ್ತ್ರಾಸ್ತ್ರ ನಿಯಂತ್ರಣವೆಂದರೆ, ಆಯುಧಗಳು ಇರುತ್ತವೆಂಬುದನ್ನು ಒಪ್ಪಿಕೊಂಡೇ ಅವುಗಳ ಸಂಖ್ಯೆ, ಬಗೆ, ಪರೀಕ್ಷೆ, ನಿಯೋಜನೆ ಮತ್ತು ಹರಡುವಿಕೆಗೆ ಒಪ್ಪಂದಗಳ ಮೂಲಕ ಮಿತಿ ಹಾಕಿ, ಆ ಮಿತಿ ಪಾಲನೆಯಾಗುತ್ತಿದೆಯೇ ಎಂದು ತಪಾಸಣೆಯಿಂದ ಖಾತರಿಪಡಿಸಿಕೊಳ್ಳುವುದು. ಈ ಎರಡನೆಯ ಕೆಲಸಕ್ಕೆ ಸಂಧಾನ ಬಲ್ಲ ರಾಜತಾಂತ್ರಿಕ, ಆಯುಧದ ಬಳಕೆ ಬಲ್ಲ ಸೈನಿಕ, ಅದರ ಭೌತಶಾಸ್ತ್ರ ಬಲ್ಲ ವಿಜ್ಞಾನಿ ಮತ್ತು ಒಪ್ಪಂದದ ಪದಪದವನ್ನೂ ತೂಗಬಲ್ಲ ಕಾನೂನುತಜ್ಞ, ಈ ನಾಲ್ವರೂ ಬೇಕು. ನಾಲ್ವರೂ ಸಹಜವಾಗಿ ಸೇರುವ ಇಲಾಖೆ ಯಾವ ಸರ್ಕಾರದಲ್ಲೂ ಇಲ್ಲದಿರುವುದರಿಂದಲೇ ಈ ಕೆಲಸದ ನೆಲೆ ಯಾವುದಾಗಬೇಕೆಂಬ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ.

ಈ ಪ್ರಶ್ನೆಗೆ ಅಮೆರಿಕ ಎರಡು ಬಾರಿ ಎರಡು ವಿರುದ್ಧ ಉತ್ತರಗಳನ್ನು ಕೊಟ್ಟಿದೆ. 1961ರಲ್ಲಿ ಅದು ಶಸ್ತ್ರಾಸ್ತ್ರ ನಿಯಂತ್ರಣ ಮತ್ತು ನಿಶ್ಶಸ್ತ್ರೀಕರಣ ಸಂಸ್ಥೆಯೆಂಬ ಪ್ರತ್ಯೇಕ ಸಂಸ್ಥೆಯನ್ನು ಕಾನೂನಿನ ಮೂಲಕ ಸ್ಥಾಪಿಸಿತು; 1999ರ ಏಪ್ರಿಲ್ 1ರಂದು ಆ ಸಂಸ್ಥೆಯನ್ನು ಮುಚ್ಚಿ, ಅದರ ಕೆಲಸವನ್ನೂ ಸಿಬ್ಬಂದಿಯನ್ನೂ ವಿದೇಶಾಂಗ ಇಲಾಖೆಯಲ್ಲಿ ವಿಲೀನಗೊಳಿಸಿತು. ಶೀತಲ ಸಮರ ಮುಗಿದಿದೆ, ಆಡಳಿತ ಸರಳವಾಗಬೇಕು, ವಿದೇಶಾಂಗ ನೀತಿ ಒಂದೇ ದನಿಯಲ್ಲಿ ಹೊರಡಬೇಕು ಎಂಬ ವಾದಗಳು ವಿಲೀನದ ಹಿಂದಿದ್ದವು, ಮತ್ತು ಅವುಗಳಲ್ಲಿ ಯಾವುದೂ ಪೊಳ್ಳಲ್ಲ. ಆದರೂ ಆ ನಿರ್ಧಾರದ ನಂತರದ ಕಾಲು ಶತಮಾನವನ್ನು ಗಮನಿಸಿದವರು ಒಂದು ತೀರ್ಮಾನಕ್ಕೆ ಬರಲೇಬೇಕಾಗುತ್ತದೆ: ವಿಲೀನದಲ್ಲಿ ಕಟ್ಟಡ ಮತ್ತು ಹುದ್ದೆಗಳು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿದವು, ಆದರೆ ಭಿನ್ನಮತವನ್ನು ಅಧ್ಯಕ್ಷರವರೆಗೆ ಒಯ್ಯುವ ಹಕ್ಕು ದಾರಿಯಲ್ಲಿ ಸವೆದುಹೋಯಿತು, ಆ ಹಕ್ಕಿಗೆ ಬೇರೆ ರಕ್ಷಣೆ ಒದಗಿಸದೆ ಮಾಡುವ ಯಾವ ವಿಲೀನವೂ ಶಸ್ತ್ರಾಸ್ತ್ರ ನಿಯಂತ್ರಣವನ್ನು ದುರ್ಬಲಗೊಳಿಸುತ್ತದೆ.

ಪ್ರತ್ಯೇಕ ಸಂಸ್ಥೆ ಏಕೆ ಹುಟ್ಟಿತೆಂಬುದನ್ನು ಮೊದಲು ನೋಡಬೇಕು. 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ನಿಶ್ಶಸ್ತ್ರೀಕರಣಕ್ಕಾಗಿ ಹೆರಾಲ್ಡ್ ಸ್ಟಾಸೆನ್ ಅವರನ್ನು ವಿಶೇಷ ಸಹಾಯಕರನ್ನಾಗಿ ನೇಮಿಸಿದಾಗ, ಆ ಹುದ್ದೆಗೆ ಅಧ್ಯಕ್ಷರ ನೇರ ಸಂಪರ್ಕವಿದ್ದರೂ ಹಿಂದೆ ನಿಲ್ಲುವ ಕಾಯಂ ತಜ್ಞರ ಪಡೆ ಇರಲಿಲ್ಲ. 1960ರಲ್ಲಿ ವಿದೇಶಾಂಗ ಇಲಾಖೆಯೊಳಗೆ ಒಂದು ನಿಶ್ಶಸ್ತ್ರೀಕರಣ ವಿಭಾಗವನ್ನು ತೆರೆದಾಗ, ಅದಕ್ಕೆ ಸಿಬ್ಬಂದಿ ಸಿಕ್ಕರೂ ರಕ್ಷಣಾ ಇಲಾಖೆ, ಪರಮಾಣು ಶಕ್ತಿ ಆಯೋಗ ಮತ್ತು ಗುಪ್ತಚರ ಸಂಸ್ಥೆಗಳ ಮುಂದೆ ಸಮನಾಗಿ ಕುಳಿತು ವಾದಿಸುವ ಸ್ಥಾನ ಸಿಗಲಿಲ್ಲ. ಅಂದರೆ ಒಂದು ಪ್ರಯೋಗದಲ್ಲಿ ದನಿಯಿತ್ತು, ಬಲವಿರಲಿಲ್ಲ. ಇನ್ನೊಂದರಲ್ಲಿ ಬಲದ ಬೀಜವಿತ್ತು, ದನಿಯಿರಲಿಲ್ಲ. ಸೆನೆಟರ್ ಹ್ಯೂಬರ್ಟ್ ಹಂಫ್ರಿ ಸಂಸತ್ತಿನಲ್ಲಿಯೂ, ಅಧ್ಯಕ್ಷ ಕೆನಡಿಯವರ ಸಲಹೆಗಾರ ಜಾನ್ ಮೆಕ್ಲಾಯ್ ಆಡಳಿತದಲ್ಲಿಯೂ ಒತ್ತಾಸೆಯಾಗಿ ನಿಂತು ರೂಪಿಸಿದ 1961ರ ಕಾನೂನು ಈ ಎರಡು ಕೊರತೆಗಳನ್ನೂ ಒಟ್ಟಿಗೆ ತುಂಬಲು ಹೊರಟಿತು.

1961ರ ಸೆಪ್ಟೆಂಬರ್ 25ರಂದು ವಿಶ್ವಸಂಸ್ಥೆಯ ಮಹಾಧಿವೇಶನದಲ್ಲಿ ಮಾತನಾಡಿದ ಕೆನಡಿ ಮರುದಿನವೇ ನ್ಯೂಯಾರ್ಕಿನಲ್ಲಿ ಸಹಿ ಹಾಕಿದ ಆ ಕಾನೂನಿನ ಪ್ರಕಾರ, ಹೊಸ ಸಂಸ್ಥೆಯ ನಿರ್ದೇಶಕರು ವಿದೇಶಾಂಗ ಕಾರ್ಯದರ್ಶಿಯ, ಅಂದರೆ ನಮ್ಮಲ್ಲಿಯ ವಿದೇಶಾಂಗ ಸಚಿವರಿಗೆ ಸಮಾನರಾದವರ, ನಿರ್ದೇಶನದಡಿ ಕೆಲಸ ಮಾಡಬೇಕಿತ್ತು. ಅದೇ ಹೊತ್ತಿಗೆ ಅವರು ಶಸ್ತ್ರಾಸ್ತ್ರ ನಿಯಂತ್ರಣದ ವಿಷಯದಲ್ಲಿ ಆ ಕಾರ್ಯದರ್ಶಿಗೂ ಸ್ವತಃ ಅಧ್ಯಕ್ಷರಿಗೂ ಪ್ರಧಾನ ಸಲಹೆಗಾರರಾಗಿರುತ್ತಿದ್ದರು. ಈ ಇಬ್ಬಗೆಯ ಸಂಬಂಧವೇ ಸಂಸ್ಥೆಯ ಜೀವಾಳ. ದಿನನಿತ್ಯದ ರಾಜತಾಂತ್ರಿಕತೆಯಲ್ಲಿ ಎರಡು ದನಿಗಳು ಹೊರಡದಂತೆ ಒಂದು ಕಡೆಯ ಕಟ್ಟು ನೋಡಿಕೊಂಡರೆ, ವಿದೇಶಾಂಗ ಇಲಾಖೆ ಬೇರೆ ಹಿತಾಸಕ್ತಿಗಳಿಗಾಗಿ ಶಸ್ತ್ರ ನಿಯಂತ್ರಣವನ್ನು ಬದಿಗೆ ಸರಿಸಿದಾಗ ಅದನ್ನು ಅಧ್ಯಕ್ಷರ ಗಮನಕ್ಕೆ ತರುವ ದಾರಿಯನ್ನು ಇನ್ನೊಂದು ಕಡೆಯ ತೆರವು ಉಳಿಸಿಕೊಡುತ್ತಿತ್ತು. ಮೊದಲ ನಿರ್ದೇಶಕರಾಗಿ ಡೆಮಾಕ್ರಟಿಕ್ ಅಧ್ಯಕ್ಷ ಕೆನಡಿ ರಿಪಬ್ಲಿಕನ್ ಪಕ್ಷದ ವಿಲಿಯಂ ಫಾಸ್ಟರ್ ಅವರನ್ನು ಆರಿಸಿದ್ದು ಕೂಡ, ಈ ಕೆಲಸ ಪಕ್ಷಭೇದವನ್ನು ದಾಟಿ ನಿಲ್ಲಬೇಕೆಂಬ ಉದ್ದೇಶವನ್ನು ಸಾರಿತು.

ಈ ರಚನೆಯ ಬೆಲೆ ತಿಳಿಯಬೇಕಾದರೆ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ ಹುಟ್ಟಿದ ಬಗೆಯನ್ನು ನೋಡಬೇಕು. 1960ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯ ಯುರೋಪ್ ತಜ್ಞರಿಗೆ ಪ್ರಿಯವಾಗಿದ್ದ ಯೋಜನೆ ಬಹುರಾಷ್ಟ್ರೀಯ ಅಣ್ವಸ್ತ್ರ ಪಡೆಯದು: ನ್ಯಾಟೊ ಕೂಟದ ಹಲವು ದೇಶಗಳ ನಾವಿಕರು ಕೂಡಿ ನಡೆಸುವ ಹಡಗುಗಳಲ್ಲಿ ಪೊಲಾರಿಸ್ ಕ್ಷಿಪಣಿಗಳನ್ನಿರಿಸಿ, ಪಶ್ಚಿಮ ಜರ್ಮನಿಗೂ ಅಣ್ವಸ್ತ್ರ ವ್ಯವಸ್ಥೆಯಲ್ಲಿ ಪಾಲಿದೆಯೆಂಬ ಸಮಾಧಾನ ಕೊಡುವುದು ಅದರ ಉದ್ದೇಶ. ಮಿತ್ರಕೂಟವನ್ನು ಒಗ್ಗಟ್ಟಾಗಿಡುವುದು ಕರ್ತವ್ಯವೆಂದು ತಿಳಿದ ಇಲಾಖೆಗೆ ಇದು ಸಹಜವಾದ ಆಲೋಚನೆ. ಆದರೆ ಜರ್ಮನಿಯ ಕೈ ಅಣ್ವಸ್ತ್ರದ ಗುಂಡಿಯ ಹತ್ತಿರ ಬರುವ ಸಾಧ್ಯತೆ ಇರುವವರೆಗೂ ಸೋವಿಯತ್ ಒಕ್ಕೂಟ ಪ್ರಸರಣ ತಡೆಯ ಯಾವ ಒಪ್ಪಂದಕ್ಕೂ ಒಪ್ಪುವಂತಿರಲಿಲ್ಲ. ಫಾಸ್ಟರ್ ಮತ್ತು ಅವರ ಉಪನಿರ್ದೇಶಕ ಏಡ್ರಿಯನ್ ಫಿಶರ್ ಅವರ ಸಂಸ್ಥೆ, ಅಣ್ವಸ್ತ್ರಗಳು ಹತ್ತಾರು ದೇಶಗಳಿಗೆ ಹಬ್ಬುವುದನ್ನು ತಡೆಯುವುದಕ್ಕಾಗಿ ಮಿತ್ರಕೂಟದೊಳಗೆ ಸ್ವಲ್ಪ ಮುನಿಸನ್ನು ಸಹಿಸಿಕೊಳ್ಳುವುದೂ ಲೇಸೆಂದು ವಾದಿಸಿತು. 1965ರಲ್ಲಿ ಫಾಸ್ಟರ್ ಈ ವಾದವನ್ನು ಬಹಿರಂಗವಾಗಿ ಪತ್ರಿಕೆಯೊಂದರಲ್ಲಿ ಬರೆಯಲೂ ಹಿಂಜರಿಯಲಿಲ್ಲ. ಕೊನೆಗೆ ಅಧ್ಯಕ್ಷ ಜಾನ್ಸನ್ ಬಹುರಾಷ್ಟ್ರೀಯ ಪಡೆಯ ಯೋಜನೆಯನ್ನು ಕೈಬಿಟ್ಟರು, 1968ರ ಜುಲೈ 1ರಂದು ಒಪ್ಪಂದ ಸಹಿಗೆ ತೆರೆದುಕೊಂಡಿತು.

ಆ ಒಪ್ಪಂದವನ್ನು ಭಾರತ ತಾರತಮ್ಯದ್ದೆಂದು ತಿರಸ್ಕರಿಸಿದೆ, ಆ ತಿರಸ್ಕಾರಕ್ಕೆ ಗಟ್ಟಿಯಾದ ಕಾರಣಗಳೂ ಇವೆ. ಇಲ್ಲಿ ಗಮನಿಸಬೇಕಾದ ಅಂಶ ಒಪ್ಪಂದದ ಗುಣಾವಗುಣಕ್ಕಿಂತ ಬೇರೆಯದು. ಎರಡು ಸಾಚಾ ಹಿತಾಸಕ್ತಿಗಳು, ಅಂದರೆ ಮಿತ್ರರ ವಿಶ್ವಾಸ ಮತ್ತು ಪ್ರಸರಣದ ತಡೆ, ಪರಸ್ಪರ ಎದುರಾದಾಗ ಅವುಗಳನ್ನು ತೂಗಿ ನೋಡುವ ಅವಕಾಶ ಅಧ್ಯಕ್ಷರಿಗೆ ದೊರೆತದ್ದು, ಎರಡನೆಯದನ್ನು ಎತ್ತಿ ಹಿಡಿಯುವುದನ್ನೇ ಕಾನೂನಿನ ಕರ್ತವ್ಯವಾಗಿ ಪಡೆದ ಸಂಸ್ಥೆಯೊಂದು ಇದ್ದುದರಿಂದ. ಎರಡೂ ಒಂದೇ ಇಲಾಖೆಯೊಳಗಿನ ಎರಡು ವಿಭಾಗಗಳ ವಾದಗಳಾಗಿದ್ದರೆ, ಆ ಇಲಾಖೆಯ ಮುಖ್ಯಸ್ಥರ ಮೇಜಿನ ಮೇಲೆಯೇ ಅವು ಇತ್ಯರ್ಥವಾಗಿ, ಒಂದೇ ಶಿಫಾರಸು ಮೇಲಕ್ಕೆ ಹೋಗುತ್ತಿತ್ತು.

ಪ್ರತ್ಯೇಕ ಸಂಸ್ಥೆ ಯಾವಾಗಲೂ ಬಲಿಷ್ಠವಾಗಿತ್ತೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರ ಮಾಡಿದಂತಾಗುತ್ತದೆ. ನಿರ್ದೇಶಕ ಜೆರಾರ್ಡ್ ಸ್ಮಿತ್ ಸ್ವತಃ ಮುಖ್ಯ ಸಂಧಾನಕಾರರಾಗಿ ನಡೆಸಿದ ಮಾತುಕತೆಗಳು 1972ರ ಮೇ 26ರಂದು ಮಾಸ್ಕೋದಲ್ಲಿ ಕ್ಷಿಪಣಿ ನಿರೋಧಕ ವ್ಯವಸ್ಥೆಗಳ ಮೇಲೆ ಮಿತಿ ಹೇರುವ ಒಪ್ಪಂದಕ್ಕೆ ದಾರಿ ಮಾಡಿದವು. ಆದರೆ ಮರುವರ್ಷವೇ ಸೆನೆಟರ್ ಹೆನ್ರಿ ಜಾಕ್ಸನ್ ಅವರ ಒತ್ತಡದ ವಾತಾವರಣದಲ್ಲಿ ಸಂಸ್ಥೆಯ ಹಿರಿಯರು ಅನೇಕರು ಹೊರಹೋಗಬೇಕಾಯಿತು, ಸಂಧಾನದ ನಾಯಕತ್ವವೂ ನಿರ್ದೇಶಕರ ಕೈತಪ್ಪಿತು. 1983ರ ಜನವರಿಯಲ್ಲಿ ರೇಗನ್ ಆಡಳಿತ ನಿರ್ದೇಶಕ ಯೂಜೀನ್ ರೋಸ್ಟೋ ಅವರನ್ನು ತೆಗೆದುಹಾಕಿತು. ಅಧ್ಯಕ್ಷರಿಗೆ ಬೇಡವಾದ ಸಲಹೆಯನ್ನು ಯಾವ ಕಾನೂನೂ ಅವರ ಮೇಲೆ ಹೇರಲಾರದು. ವಿಲೀನವಾದಿಗಳು ಎತ್ತಿ ತೋರಿಸುವ ಈ ಸಂಗತಿಗಳು ನಿಜವೇ. ಆದರೆ ಅವು ಸಾಬೀತುಪಡಿಸುವುದು ಸಂಸ್ಥೆಗೆ ಮಿತಿಗಳಿದ್ದವೆಂಬುದನ್ನು ಮಾತ್ರ.

ಸಂಸ್ಥೆಯ ದುರ್ಬಲ ಕಾಲವೆಂದು ಹೇಳಲಾಗುವ ಅದೇ 1980ರ ದಶಕ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ರೋಸ್ಟೋ ಅವರ ಜಾಗಕ್ಕೆ ಬಂದ ಕೆನೆತ್ ಏಡಲ್ಮನ್ ಶಸ್ತ್ರ ನಿಯಂತ್ರಣ ಒಪ್ಪಂದಗಳ ಉಪಯುಕ್ತತೆಯನ್ನೇ ಸಂಶಯಿಸುವವರೆಂದು ಹೆಸರಾಗಿದ್ದರು; ಅವರ ನೇಮಕಕ್ಕೆ ಸೆನೆಟ್‌ನಲ್ಲಿ ತೀವ್ರ ವಿರೋಧವಿತ್ತು. 1987ರ ಜುಲೈಯಲ್ಲಿ, ಯುರೇನಿಯಂ ಸಂವರ್ಧನೆಯ ಯಂತ್ರಗಳಿಗೆ ಬೇಕಾಗುವ ವಿಶೇಷ ಉಕ್ಕನ್ನು ಅಮೆರಿಕದಿಂದ ಅಕ್ರಮವಾಗಿ ಪಾಕಿಸ್ತಾನಕ್ಕೆ ಸಾಗಿಸಲು ಯತ್ನಿಸಿದ ವ್ಯಕ್ತಿಯೊಬ್ಬನ ಬಂಧನವಾಯಿತು. ಇಂಥ ಕಳ್ಳಸಾಗಣೆಗೆ ಯತ್ನಿಸಿದ ದೇಶಕ್ಕೆ ನೆರವು ನಿಲ್ಲಿಸಬೇಕೆಂಬ ತಿದ್ದುಪಡಿಯನ್ನು ಅಮೆರಿಕದ ಸಂಸತ್ತು 1985ರಲ್ಲಿಯೇ ಅಂಗೀಕರಿಸಿತ್ತು. ಅಫ್ಘಾನಿಸ್ತಾನದಲ್ಲಿ ಸೋವಿಯತ್ ಸೇನೆಯ ವಿರುದ್ಧದ ಹೋರಾಟಕ್ಕೆ ಪಾಕಿಸ್ತಾನವೇ ಹಾದಿಯಾಗಿದ್ದುದರಿಂದ ವಿದೇಶಾಂಗ ಇಲಾಖೆ ಆ ದೇಶದೊಂದಿಗಿನ ಸಂಬಂಧಕ್ಕೆ ಧಕ್ಕೆಯಾಗಬಾರದೆಂದು ಬಯಸಿತು. ಏಡಲ್ಮನ್ ಅವರ ಸಂಸ್ಥೆ, ಕಾನೂನನ್ನು ಜಾರಿಗೊಳಿಸದಿದ್ದರೆ ಪಾಕಿಸ್ತಾನ ತನ್ನ ಅಣ್ವಸ್ತ್ರ ಕಾರ್ಯಕ್ರಮಕ್ಕೆ ಯಾವ ಬೆಲೆಯನ್ನೂ ತೆರಬೇಕಿಲ್ಲವೆಂದು ಭಾವಿಸುತ್ತದೆಂಬ ನಿಲುವನ್ನು ಶ್ವೇತಭವನಕ್ಕೆ ಬರವಣಿಗೆಯಲ್ಲಿ ತಲುಪಿಸಿತು. ಅಧ್ಯಕ್ಷ ರೇಗನ್ 1988ರ ಜನವರಿಯಲ್ಲಿ ಕಾನೂನಿನ ಅನ್ವಯವನ್ನು ಒಪ್ಪಿಕೊಂಡು, ಒಡನೆಯೇ ರಾಷ್ಟ್ರಹಿತದ ಹೆಸರಿನಲ್ಲಿ ಪಾಕಿಸ್ತಾನಕ್ಕೆ ವಿನಾಯಿತಿ ನೀಡಿ ನೆರವನ್ನು ಮುಂದುವರಿಸಿದರು.

ಆ ಎಚ್ಚರಿಕೆ ಸೋತಿತು; ಅದರ ಪರಿಣಾಮವನ್ನು ಉಪಖಂಡ ಇಂದಿಗೂ ಅನುಭವಿಸುತ್ತಿದೆ. ಆದರೂ ಎಚ್ಚರಿಕೆ ದಾಖಲಾಯಿತು, ಅಧ್ಯಕ್ಷರು ಗೊತ್ತಿದ್ದೂ ಆಯ್ಕೆ ಮಾಡಬೇಕಾಯಿತು ಎಂಬುದು ಸಣ್ಣ ಮಾತಲ್ಲ. ಅದಕ್ಕಿಂತ ಮುಖ್ಯವಾದದ್ದೆಂದರೆ, ಶಸ್ತ್ರ ನಿಯಂತ್ರಣದ ಬಗ್ಗೆ ವೈಯಕ್ತಿಕವಾಗಿ ಉತ್ಸಾಹವಿಲ್ಲದ ವ್ಯಕ್ತಿ ಮುಖ್ಯಸ್ಥನಾಗಿದ್ದಾಗಲೂ ಸಂಸ್ಥೆಯ ಕರ್ತವ್ಯ ಅವನಿಂದ ಆ ಮಾತನ್ನು ಆಡಿಸಿತು. ಪೀಠಕ್ಕೆ ಒಪ್ಪಿಸಿದ ಹೊಣೆ ಪೀಠದಲ್ಲಿ ಕುಳಿತವರ ದೃಷ್ಟಿಯನ್ನು ತಿದ್ದುತ್ತದೆ. ಯಾವ ಪ್ರಶ್ನೆಗೆ ಉತ್ತರ ಹೇಳಬೇಕಾದ ಸ್ಥಾನದಲ್ಲಿ ಒಬ್ಬ ವ್ಯಕ್ತಿ ಇರುತ್ತಾನೋ ಆ ಪ್ರಶ್ನೆಯನ್ನೇ ಅವನು ಕಾಣತೊಡಗುತ್ತಾನೆ. ಪಾಕಿಸ್ತಾನದೊಂದಿಗಿನ ಸಂಬಂಧವನ್ನು ಕಾಪಾಡುವುದೇ ಯಾವ ವಿಭಾಗದ ಹೊಣೆಯೋ ಆ ವಿಭಾಗಕ್ಕೆ ಉಕ್ಕಿನ ಕಳ್ಳಸಾಗಣೆ ಒಂದು ತೊಡಕಾಗಿ ಕಂಡಿತು, ಪ್ರಸರಣ ತಡೆಯುವುದೇ ಹೊಣೆಯಾಗಿದ್ದ ಸಂಸ್ಥೆಗೆ ಅದೇ ಮೂಲ ವಿಷಯವಾಗಿ ಕಂಡಿತು.

ಸ್ವತಂತ್ರ ಸಂಸ್ಥೆಯ ಪರವಾದ ಎರಡನೆಯ ಕಾರಣ ತಜ್ಞತೆ. ಒಪ್ಪಂದವೊಂದರ ಬೆಲೆ ಅದರ ಪಾಲನೆಯನ್ನು ಪರಿಶೀಲಿಸುವ ಶಕ್ತಿಯ ಮೇಲೆ ನಿಂತಿದೆ. ಭೂಗರ್ಭದಲ್ಲಿ ನಡೆದ ಅಣುಸ್ಫೋಟದ ಕಂಪನವನ್ನು ಭೂಕಂಪದ ಕಂಪನದಿಂದ ಬೇರ್ಪಡಿಸುವುದು ಹೇಗೆಂಬ ವೈಜ್ಞಾನಿಕ ಪ್ರಶ್ನೆಯೇ ದಶಕಗಳ ಕಾಲ ಪರೀಕ್ಷಾ ನಿಷೇಧದ ರಾಜಕೀಯ ಪ್ರಶ್ನೆಯ ತಿರುಳಾಗಿತ್ತು. ಕರ್ನಾಟಕದ ಗೌರಿಬಿದನೂರಿನಲ್ಲಿ 1960ರ ದಶಕದ ಮಧ್ಯಭಾಗದಲ್ಲಿ ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರದ ಸಹಕಾರದಿಂದ ಭಾರತದ ಪರಮಾಣು ವಿಜ್ಞಾನಿಗಳು ಸ್ಥಾಪಿಸಿದ ಕಂಪನಮಾಪಕಗಳ ಸಾಲು ಇದೇ ಪ್ರಶ್ನೆಗೆ ಉತ್ತರ ಹುಡುಕುವ ಜಾಗತಿಕ ಪ್ರಯತ್ನದ ಭಾಗ. ಇಂಥ ಜ್ಞಾನ ವರ್ಷಾನುಗಟ್ಟಲೆ ಒಂದೇ ವಿಷಯದಲ್ಲಿ ನೆಲೆನಿಂತವರಲ್ಲಿ ಮಾತ್ರ ಬೆಳೆಯುತ್ತದೆ. ರಾಜತಾಂತ್ರಿಕ ಸೇವೆಯ ಸ್ವಭಾವ ಇದಕ್ಕೆ ವಿರುದ್ಧವಾದದ್ದು: ಎರಡು ಮೂರು ವರ್ಷಕ್ಕೊಮ್ಮೆ ದೇಶವನ್ನೂ ವಿಷಯವನ್ನೂ ಬದಲಿಸುತ್ತ ಹೋಗುವುದರಲ್ಲಿಯೇ ಆ ಸೇವೆಯ ವಿಸ್ತಾರವೂ ಬಡ್ತಿಯೂ ಅಡಗಿದೆ. ಒಪ್ಪಂದದ ಹಿಂದಿನ ಮಾತುಕತೆಯಲ್ಲಿ ಯಾವ ಪದವನ್ನು ಏಕೆ ಬಿಡಲಾಯಿತೆಂಬುದನ್ನು ನೆನಪಿಟ್ಟುಕೊಂಡ ಒಬ್ಬ ಹಿರಿಯ ತಜ್ಞ ಇಪ್ಪತ್ತು ವರ್ಷಗಳ ನಂತರದ ಸಂಧಾನದಲ್ಲಿ ದೇಶಕ್ಕೆ ಎಷ್ಟು ನೆರವಾಗಬಲ್ಲನೆಂಬುದನ್ನು ವರ್ಗಾವಣೆಯ ಪಟ್ಟಿ ತೋರಿಸುವುದಿಲ್ಲ.

ಇಷ್ಟಾದರೂ ವಿಲೀನದ ಪರವಾದ ವಾದವನ್ನು ಅದರ ಬಲಿಷ್ಠ ರೂಪದಲ್ಲಿ ಎದುರಿಸಬೇಕು. ಮೊದಲನೆಯದಾಗಿ, ಶಸ್ತ್ರ ನಿಯಂತ್ರಣ ಶೂನ್ಯದಲ್ಲಿ ನಡೆಯುವುದಿಲ್ಲ. ರಷ್ಯಾದೊಂದಿಗಿನ ಕ್ಷಿಪಣಿ ಮಾತುಕತೆ ರಷ್ಯಾದೊಂದಿಗಿನ ಒಟ್ಟು ಸಂಬಂಧದ ಒಂದು ಎಳೆ, ಅದನ್ನು ಬೇರೆ ಮಾಡಿ ನೇಯಲಾಗದು. ಎರಡನೆಯದಾಗಿ, ಸುಮಾರು 250 ಜನರ ಪುಟ್ಟ ಸಂಸ್ಥೆ ಜಗತ್ತಿನ ತುಂಬ ರಾಯಭಾರ ಕಚೇರಿಗಳಿರುವ ಬೃಹತ್ ಇಲಾಖೆಯ ಹೊರಗೆ ನಿಂತಿರುವುದಕ್ಕಿಂತ, ಅದರೊಳಗೆ ಸೇರಿ ಪ್ರತಿಯೊಬ್ಬ ರಾಯಭಾರಿಯ ಕಾರ್ಯಸೂಚಿಯಲ್ಲೂ ತನ್ನ ವಿಷಯವನ್ನು ಸೇರಿಸುವುದು ಹೆಚ್ಚು ಫಲಕಾರಿ. ಮೂರನೆಯದಾಗಿ, ಪ್ರಸರಣ ತಡೆ, ರಫ್ತು ನಿಯಂತ್ರಣ, ಶಸ್ತ್ರಾಸ್ತ್ರ ಮಾರಾಟ ಇವುಗಳಲ್ಲಿ ವಿದೇಶಾಂಗ ಇಲಾಖೆಯ ವಿಭಾಗಗಳೂ ಸಂಸ್ಥೆಯ ವಿಭಾಗಗಳೂ ಒಂದೇ ಕೆಲಸವನ್ನು ಎರಡು ಬಾರಿ ಮಾಡುತ್ತಿದ್ದವು. ಮೂರೂ ಆಡಳಿತಾತ್ಮಕವಾಗಿ ತರ್ಕಬದ್ಧವೇ. ಆದರೆ ಮೂರೂ ಒಂದು ಪೂರ್ವಗ್ರಹಿಕೆಯನ್ನು ಹಂಚಿಕೊಳ್ಳುತ್ತವೆ: ನೀತಿಯೊಂದನ್ನು ತೀರ್ಮಾನಿಸಿಯಾದ ಮೇಲೆ ಅದನ್ನು ದಕ್ಷವಾಗಿ ಜಾರಿಗೊಳಿಸುವುದೇ ಮುಖ್ಯ ಸಮಸ್ಯೆಯೆಂದು ಅವು ಭಾವಿಸುತ್ತವೆ. ತೀರ್ಮಾನ ಆಗುವ ಮೊದಲು ಯಾವ ಯಾವ ವಾದಗಳು ಅಧ್ಯಕ್ಷರ ಕಿವಿಗೆ ಬೀಳಬೇಕೆಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ.

ವಿಲೀನ ನಿಜಕ್ಕೂ ನಡೆದ ಬಗೆಯಂತೂ ಈ ತಾರ್ಕಿಕ ವಾದಗಳಿಂದ ದೂರವಿತ್ತು. ಸೆನೆಟ್‌ನ ವಿದೇಶಾಂಗ ಸಮಿತಿಯ ಅಧ್ಯಕ್ಷರಾದ ಜೆಸ್ಸಿ ಹೆಲ್ಮ್ಸ್ 1995ರಿಂದ ಈ ಸಂಸ್ಥೆಯ ಜೊತೆಗೆ ವಿದೇಶಿ ನೆರವು ಮತ್ತು ವಾರ್ತಾ ಪ್ರಸಾರದ ಎರಡು ಸಂಸ್ಥೆಗಳನ್ನೂ ಮುಚ್ಚಬೇಕೆಂದು ಪಟ್ಟು ಹಿಡಿದರು. ಅವರ ಮಸೂದೆಯನ್ನು ಅಧ್ಯಕ್ಷ ಕ್ಲಿಂಟನ್ 1996ರ ಏಪ್ರಿಲ್‌ನಲ್ಲಿ ನಿಷೇಧಾಧಿಕಾರ ಬಳಸಿ ತಳ್ಳಿಹಾಕಿದರು. ಮರುವರ್ಷ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದ ಹೆಲ್ಮ್ಸ್ ಅವರ ಸಮಿತಿಯ ಮುಂದಿತ್ತು. 1997ರ ಏಪ್ರಿಲ್ 18ರಂದು ಆಡಳಿತ ತಾನೇ ವಿಲೀನದ ಯೋಜನೆಯನ್ನು ಘೋಷಿಸಿತು, ಏಪ್ರಿಲ್ 24ರಂದು ಸೆನೆಟ್ 74ಕ್ಕೆ 26 ಮತಗಳಿಂದ ಒಪ್ಪಂದವನ್ನು ಅನುಮೋದಿಸಿತು. ಒಂದು ಬಗೆಯ ಅಸ್ತ್ರವನ್ನೇ ಇಲ್ಲವಾಗಿಸುವ ಒಪ್ಪಂದವನ್ನು ಉಳಿಸಿಕೊಳ್ಳಲು, ಅಂಥ ಒಪ್ಪಂದಗಳನ್ನು ರೂಪಿಸುವ ಸಂಸ್ಥೆಯನ್ನೇ ಬಿಟ್ಟುಕೊಡಬೇಕಾಯಿತು. 1998ರ ಅಕ್ಟೋಬರ್‌ನಲ್ಲಿ ವಿಲೀನದ ಕಾನೂನು ಬೃಹತ್ ಆಯವ್ಯಯ ಕಾಯಿದೆಯೊಂದರ ಭಾಗವಾಗಿ ಅಂಗೀಕಾರವಾಯಿತು.

ಭಿನ್ನಮತದ ದಾರಿ ಮುಚ್ಚಬಾರದೆಂಬ ಅರಿವು ಆ ಕಾನೂನನ್ನು ಬರೆದವರಿಗೂ ಇತ್ತು. ಆದ್ದರಿಂದ ಶಸ್ತ್ರಾಸ್ತ್ರ ನಿಯಂತ್ರಣ ಮತ್ತು ಅಂತರರಾಷ್ಟ್ರೀಯ ಭದ್ರತೆಯ ಉಪಕಾರ್ಯದರ್ಶಿ ಎಂಬ ಹುದ್ದೆಯನ್ನು ಇಲಾಖೆಯೊಳಗೆ ನೆಲೆಗೊಳಿಸಿ, ಆ ಹುದ್ದೆಯಲ್ಲಿರುವವರು ಅಧ್ಯಕ್ಷರ ಹಿರಿಯ ಸಲಹೆಗಾರರಾಗಿ ರಾಷ್ಟ್ರೀಯ ಭದ್ರತಾ ಮಂಡಳಿಯ ಸಭೆಗಳಲ್ಲಿ ಭಾಗವಹಿಸಬಹುದೆಂದು ಹೇಳಲಾಯಿತು. ಕಾಗದದ ಮೇಲೆ ಹಳೆಯ ದ್ವಿಮುಖ ಸಂಬಂಧವೇ ಉಳಿದಂತೆ ಕಾಣುತ್ತದೆ. ಆಚರಣೆಯಲ್ಲಿ ವ್ಯತ್ಯಾಸ ದೊಡ್ಡದು. ಪ್ರತ್ಯೇಕ ಸಂಸ್ಥೆಯ ಮುಖ್ಯಸ್ಥನಿಗೆ ತನ್ನದೇ ಆಯವ್ಯಯ, ತನ್ನದೇ ಕಾನೂನು ಸಲಹೆಗಾರರು, ಸಂಸತ್ತಿನ ಸಮಿತಿಗಳ ಮುಂದೆ ತನ್ನದೇ ಸಾಕ್ಷ್ಯ ಇರುತ್ತವೆ. ಅವನು ವಿದೇಶಾಂಗ ಕಾರ್ಯದರ್ಶಿಯೊಂದಿಗೆ ಭಿನ್ನಾಭಿಪ್ರಾಯ ಹೊಂದುವುದು ಅವನ ಕೆಲಸದ ಭಾಗ. ಉಪಕಾರ್ಯದರ್ಶಿಯ ಸಿಬ್ಬಂದಿ, ಹಣ, ಬಡ್ತಿ ಎಲ್ಲವೂ ಅದೇ ಕಾರ್ಯದರ್ಶಿಯ ಕೈಯಲ್ಲಿರುವಾಗ, ಅವನು ಮೇಲಧಿಕಾರಿಯನ್ನು ದಾಟಿ ಅಧ್ಯಕ್ಷರ ಬಳಿ ಹೋಗುವುದು ಅವಿಧೇಯತೆಯಾಗಿ ಕಾಣುತ್ತದೆ.

ಇದರ ಸ್ಪಷ್ಟ ಉದಾಹರಣೆಯೊಂದು ಭಾರತಕ್ಕೆ ನೇರವಾಗಿ ಸಂಬಂಧಿಸಿದ್ದು. 1978ರ ಅಣ್ವಸ್ತ್ರ ಪ್ರಸರಣ ತಡೆ ಕಾಯಿದೆಯಡಿ, ಅಮೆರಿಕ ಬೇರೆ ದೇಶದೊಂದಿಗೆ ನಾಗರಿಕ ಪರಮಾಣು ಸಹಕಾರದ ಒಪ್ಪಂದ ಮಾಡಿಕೊಳ್ಳುವ ಮೊದಲು, ಅದರಿಂದ ಪ್ರಸರಣದ ಅಪಾಯ ಎಷ್ಟೆಂಬ ಮೌಲ್ಯಮಾಪನವನ್ನು ಶಸ್ತ್ರಾಸ್ತ್ರ ನಿಯಂತ್ರಣ ಸಂಸ್ಥೆಯ ನಿರ್ದೇಶಕರು ಬರೆದುಕೊಡಬೇಕಿತ್ತು. ವಿಲೀನದ ನಂತರ ಆ ಹೊಣೆ ವಿದೇಶಾಂಗ ಕಾರ್ಯದರ್ಶಿಯದಾಯಿತು; ಒಪ್ಪಂದದ ಸಂಧಾನ ನಡೆಸುವುದೂ ಅವರ ಇಲಾಖೆಯೇ. ಹೀಗೆ ಒಪ್ಪಂದವನ್ನು ಕಟ್ಟಿದ ಕೈಯೇ ಅದರ ಅಪಾಯವನ್ನು ಅಳೆಯುವ ಕೈಯೂ ಆಯಿತು. 2008ರಲ್ಲಿ ಭಾರತ ಮತ್ತು ಅಮೆರಿಕದ ನಡುವಿನ ಪರಮಾಣು ಒಪ್ಪಂದ ಅಮೆರಿಕದ ಸಂಸತ್ತಿನ ಮುಂದೆ ಹೋದದ್ದು ಈ ಹೊಸ ಕ್ರಮದಲ್ಲಿ.

ಭಾರತದ ಓದುಗರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು, ಅದು ನ್ಯಾಯವಾದ ಆಕ್ಷೇಪ: ಹಳೆಯ ಸಂಸ್ಥೆ ಜೀವಂತವಾಗಿದ್ದರೆ ಭಾರತದೊಂದಿಗಿನ ಒಪ್ಪಂದಕ್ಕೆ ಅಡ್ಡಿಯಾಗುತ್ತಿತ್ತಲ್ಲವೇ, ಹಾಗಿದ್ದರೆ ಅದರ ಅಳಿವಿಗೆ ಇಲ್ಲಿಯವರು ಏಕೆ ಮರುಗಬೇಕು? ಅಡ್ಡಿಯ ಸಾಧ್ಯತೆಯನ್ನು ಅಲ್ಲಗಳೆಯಲಾಗದು. ಆದರೆ ಒಂದು ಸಂಸ್ಥೆ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಅದು ಒಂದು ಬಾರಿ ಯಾರ ಪರವಾಗಿ ನಿಂತಿತೆಂಬುದರಿಂದ ಅಳೆಯುವುದಾದರೆ, ಪಾಕಿಸ್ತಾನದ ಬಾಂಬಿನ ಬಗ್ಗೆ ಶ್ವೇತಭವನವನ್ನು ಎಚ್ಚರಿಸಿದ್ದೂ ಇದೇ ಸಂಸ್ಥೆಯೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಸ್ವತಂತ್ರವಾಗಿ ಪರೀಕ್ಷೆಗೊಳಪಟ್ಟು ಗೆದ್ದ ಒಪ್ಪಂದ ಗಟ್ಟಿ ನೆಲದ ಮೇಲೆ ನಿಲ್ಲುತ್ತದೆಂಬುದೂ ನಿಜ. ಭಾರತದ ಪ್ರಸರಣ ತಡೆಯ ದಾಖಲೆ ಅಂಥ ಪರೀಕ್ಷೆಯನ್ನು ಎದುರಿಸಬಲ್ಲಷ್ಟು ಶುದ್ಧವಾಗಿದೆ.

ವಿಲೀನದ ನಂತರ ಬಂದ ಎಲ್ಲ ಹಿನ್ನಡೆಗಳನ್ನೂ ವಿಲೀನದ ತಲೆಗೆ ಕಟ್ಟುವುದು ಸರಿಯಲ್ಲ. 1999ರ ಅಕ್ಟೋಬರ್ 13ರಂದು ಸೆನೆಟ್ ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದವನ್ನು ತಿರಸ್ಕರಿಸಿದ್ದಕ್ಕೂ, 2002ರಲ್ಲಿ ಅಮೆರಿಕ ಕ್ಷಿಪಣಿ ನಿರೋಧಕ ಒಪ್ಪಂದದಿಂದ ಹೊರಬಂದದ್ದಕ್ಕೂ ಪಕ್ಷ ರಾಜಕೀಯದಲ್ಲಿ, ಬದಲಾದ ಭದ್ರತಾ ಚಿಂತನೆಯಲ್ಲಿ ಬೇರೆ ಬೇರುಗಳಿವೆ. ವಿಲೀನದ ನಂತರದ ಕಾಲದಲ್ಲಿಯೇ, 2010ರಲ್ಲಿ, ಇಲಾಖೆಯ ಅಧಿಕಾರಿ ರೋಸ್ ಗೊಟ್ಟೆಮೊಲ್ಲರ್ ನೇತೃತ್ವದ ತಂಡ ರಷ್ಯಾದೊಂದಿಗೆ ಅಣ್ವಸ್ತ್ರ ಮಿತಿಯ ಹೊಸ ಸ್ಟಾರ್ಟ್ ಒಪ್ಪಂದವನ್ನು ಯಶಸ್ವಿಯಾಗಿ ರೂಪಿಸಿತೆಂಬುದನ್ನೂ ಮರೆಯಬಾರದು. ಅಧ್ಯಕ್ಷರಿಗೆ ಮನಸ್ಸಿದ್ದಾಗ ಇಲಾಖೆಯೊಳಗಿಂದಲೂ ಕೆಲಸ ನಡೆಯುತ್ತದೆ. ಮನಸ್ಸಿಲ್ಲದ ಕಾಲದಲ್ಲಿ ಜ್ಞಾನವನ್ನೂ ಜನರನ್ನೂ ಕಾಪಾಡಿಕೊಳ್ಳುವುದು ಹೇಗೆಂಬುದೇ ರಚನೆಯ ನಿಜವಾದ ಪರೀಕ್ಷೆ.

ಆ ಪರೀಕ್ಷೆಯಲ್ಲಿ ವಿಲೀನ ಸೋತಿದೆ. ಕಾನೂನಿನಿಂದ ಹುಟ್ಟಿದ ಸಂಸ್ಥೆಯನ್ನು ಅಳಿಸಲು ಹೊಸ ಕಾನೂನು ಬೇಕು, ಸಂಸತ್ತಿನ ಚರ್ಚೆ ಬೇಕು. ಇಲಾಖೆಯೊಳಗಿನ ವಿಭಾಗವನ್ನು ಕೂಡಿಸಲು, ಒಡೆಯಲು, ಹೆಸರು ಬದಲಿಸಲು ಬಹುಮಟ್ಟಿಗೆ ಮುಖ್ಯಸ್ಥರ ಆದೇಶ ಸಾಕು. 2005ರಲ್ಲಿ ಕಾರ್ಯದರ್ಶಿ ಕಾಂಡೊಲೀಜಾ ರೈಸ್ ಶಸ್ತ್ರಾಸ್ತ್ರ ನಿಯಂತ್ರಣ ಮತ್ತು ಪ್ರಸರಣ ತಡೆಯ ಎರಡು ವಿಭಾಗಗಳನ್ನು ಒಂದು ಮಾಡಿದರು. ಅನುಭವಿ ತಜ್ಞರು ಹಲವರು ಇಲಾಖೆಯನ್ನು ತೊರೆದರು. ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2009ರಲ್ಲಿ ಪ್ರಕಟಿಸಿದ ವರದಿ, ಈ ಮರುರಚನೆ ತನ್ನ ಗುರಿಗಳನ್ನು ಮುಟ್ಟಿತೆಂದು ತೋರಿಸಲು ಇಲಾಖೆಗೆ ಸಾಧ್ಯವಾಗಿಲ್ಲವೆಂದು ಹೇಳಿತು. 2010ರಲ್ಲಿ ಶಸ್ತ್ರಾಸ್ತ್ರ ನಿಯಂತ್ರಣವನ್ನು ಪಾಲನಾ ಪರಿಶೀಲನೆಯ ವಿಭಾಗದೊಂದಿಗೆ ಸೇರಿಸಿ ಮತ್ತೆ ಬೇರೆ ಮಾಡಲಾಯಿತು, 2025ರ ಮರುರಚನೆಯಲ್ಲಿ ಮತ್ತೊಮ್ಮೆ ಪ್ರಸರಣ ತಡೆಯೊಂದಿಗೆ ಕೂಡಿಸಲಾಯಿತು. ಇಷ್ಟು ಬಾರಿ ಕಿತ್ತು ನೆಟ್ಟ ಗಿಡಕ್ಕೆ ಬೇರು ಇಳಿಯುವುದಿಲ್ಲ. ಹೊಸ ಸ್ಟಾರ್ಟ್ ಒಪ್ಪಂದದ ವಿಸ್ತರಿತ ಅವಧಿಯ ಕೊನೆಯ ದಿನ 2026ರ ಫೆಬ್ರವರಿ 5 ಎಂಬುದು ಐದು ವರ್ಷ ಮೊದಲೇ ಗೊತ್ತಿದ್ದ ಕಾಲದಲ್ಲಿ, ಮುಂದಿನ ಸಂಧಾನಕ್ಕೆ ಬೇಕಾದ ಜ್ಞಾನ ಇಂಥ ಅಸ್ಥಿರತೆಗೆ ಸಿಕ್ಕಿಕೊಂಡಿತೆಂಬುದು ಕಳವಳದ ಸಂಗತಿ.

ಇಲಾಖೆಯೊಳಗಿದ್ದುಕೊಂಡೇ ಭಿನ್ನಮತವನ್ನು ಉಳಿಸಿಕೊಳ್ಳುವುದು ಅಸಾಧ್ಯವೇನಲ್ಲ ಎಂಬುದಕ್ಕೆ ಅದೇ ವಿದೇಶಾಂಗ ಇಲಾಖೆಯಲ್ಲಿ ಸಾಕ್ಷಿಯಿದೆ. ಇರಾಕ್ ತನ್ನ ಅಣ್ವಸ್ತ್ರ ಕಾರ್ಯಕ್ರಮವನ್ನು ಮತ್ತೆ ಆರಂಭಿಸಿದೆಯೆಂದು 2002ರ ಅಕ್ಟೋಬರ್‌ನ ಗುಪ್ತಚರ ಅಂದಾಜು ಬಹುಮತದಿಂದ ಹೇಳಿದಾಗ, ಇಲಾಖೆಯ ಗುಪ್ತಚರ ಮತ್ತು ಸಂಶೋಧನಾ ವಿಭಾಗ ಆ ತೀರ್ಮಾನಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಅದೇ ದಾಖಲೆಯಲ್ಲಿ ತನ್ನ ಭಿನ್ನಮತವನ್ನು ಬರೆಯಿತು. ಯುದ್ಧದ ನಂತರದ ಶೋಧನೆ ಅದರ ಮಾತನ್ನೇ ಎತ್ತಿಹಿಡಿಯಿತು. ಆ ವಿಭಾಗಕ್ಕೆ ಈ ಧೈರ್ಯ ಬಂದದ್ದು ಪ್ರತ್ಯೇಕ ಕಟ್ಟಡದಿಂದಲ್ಲ. ಗುಪ್ತಚರ ಸಮುದಾಯದ ಸದಸ್ಯನಾಗಿ ಭಿನ್ನಮತವನ್ನು ಲಿಖಿತವಾಗಿ ದಾಖಲಿಸುವ ಒಪ್ಪಿತ ಹಕ್ಕು ಅದಕ್ಕಿತ್ತು, ಒಂದೇ ವಿಷಯದಲ್ಲಿ ವರ್ಷಗಟ್ಟಲೆ ನೆಲೆನಿಂತ ವಿಶ್ಲೇಷಕರಿದ್ದರು. ಹಕ್ಕು ಮತ್ತು ನೆಲೆ ಎರಡೂ ಇದ್ದರೆ ದನಿ ಇಲಾಖೆಯ ಗೋಡೆಯನ್ನು ದಾಟುತ್ತದೆ.

ಬೇರೆ ದೇಶಗಳ ಅನುಭವವೂ ಇದನ್ನೇ ಸೂಚಿಸುತ್ತದೆ. ಬ್ರಿಟನ್ 1964ರಲ್ಲಿ ನಿಶ್ಶಸ್ತ್ರೀಕರಣದ ಹೊಣೆಯನ್ನು ವಿದೇಶಾಂಗ ಕಚೇರಿಯೊಳಗೇ ಇಟ್ಟು, ಅದಕ್ಕೆ ಲಾರ್ಡ್ ಚಾಲ್ಫಾಂಟ್ ಅವರನ್ನು ಪ್ರತ್ಯೇಕ ಸಚಿವರನ್ನಾಗಿ ನೇಮಿಸಿತು. ಸ್ವೀಡನ್ ಆಲ್ವಾ ಮಿರ್ಡಾಲ್ ಅವರಿಗೆ ನಿಶ್ಶಸ್ತ್ರೀಕರಣದ ಖಾತೆಯೊಂದಿಗೆ ಸಂಪುಟದಲ್ಲೇ ಸ್ಥಾನ ಕೊಟ್ಟು, ಕಂಪನಶಾಸ್ತ್ರದ ತಜ್ಞರನ್ನು ಅವರ ಬೆನ್ನಿಗೆ ನಿಲ್ಲಿಸಿದ್ದರಿಂದಲೇ ಆ ಸಣ್ಣ ದೇಶದ ಮಾತು ಜಿನೀವಾದಲ್ಲಿ ಮಹಾಶಕ್ತಿಗಳಿಗೂ ಕೇಳಿಸಿತು. ರಚನೆಗಳು ಬೇರೆಬೇರೆಯಾದರೂ, ಫಲ ಕೊಟ್ಟೆಡೆಯಲ್ಲೆಲ್ಲ ಈ ವಿಷಯಕ್ಕೆ ರಾಜಕೀಯ ಎತ್ತರವೂ ವೈಜ್ಞಾನಿಕ ಆಳವೂ ಒಟ್ಟಿಗೆ ದೊರೆತಿದ್ದವು.

ಭಾರತ ಎಂದೂ ಇಂಥ ಪ್ರತ್ಯೇಕ ಸಂಸ್ಥೆಯನ್ನು ಕಟ್ಟಲಿಲ್ಲ. ವಿದೇಶಾಂಗ ಸಚಿವಾಲಯದ ನಿಶ್ಶಸ್ತ್ರೀಕರಣ ಮತ್ತು ಅಂತರರಾಷ್ಟ್ರೀಯ ಭದ್ರತಾ ವಿಭಾಗವೇ ಈ ಕೆಲಸ ನೋಡಿಕೊಳ್ಳುತ್ತದೆ. ವಿದೇಶಾಂಗ ಸೇವೆಯಿಂದ ಬಂದ ಅರುಂಧತಿ ಘೋಷ್ 1996ರಲ್ಲಿ ಜಿನೀವಾದಲ್ಲಿ ಪರೀಕ್ಷಾ ನಿಷೇಧ ಒಪ್ಪಂದದ ವಿಷಯದಲ್ಲಿ ಭಾರತದ ನಿಲುವನ್ನು ಎಷ್ಟು ದೃಢವಾಗಿ ಮಂಡಿಸಿದರೆಂಬುದು ತಿಳಿದದ್ದೇ. ಆದರೆ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದವನ್ನು ದೇಶದೊಳಗೆ ಜಾರಿಗೊಳಿಸುವ ರಾಷ್ಟ್ರೀಯ ಪ್ರಾಧಿಕಾರವನ್ನು 1997ರಲ್ಲಿ ಭಾರತ ಸ್ಥಾಪಿಸಿದ್ದು ಸಂಪುಟ ಸಚಿವಾಲಯದ ಅಡಿಯಲ್ಲಿ; ಹಲವು ಇಲಾಖೆಗಳನ್ನು ಮುಟ್ಟುವ ಕೆಲಸಕ್ಕೆ ಇಲಾಖೆಗಳ ಮೇಲಿನ ನೆಲೆ ಬೇಕೆಂಬ ಅರಿವು ಆಗ ಕೆಲಸ ಮಾಡಿತ್ತು, ಮತ್ತು ಘೋಷಿತ ರಾಸಾಯನಿಕ ಅಸ್ತ್ರಗಳನ್ನು ಭಾರತ 2009ರೊಳಗೆ ಪೂರ್ಣವಾಗಿ ನಾಶಪಡಿಸಿತು. ಬಾಹ್ಯಾಕಾಶದ ಆಯುಧಗಳು, ಸ್ವಯಂಚಾಲಿತ ಅಸ್ತ್ರಗಳು, ಕೃತಕ ಬುದ್ಧಿಮತ್ತೆಯ ಸೇನಾ ಬಳಕೆ ಸಂಧಾನದ ಮೇಜಿಗೆ ಬರುತ್ತಿರುವ ಈ ದಶಕದಲ್ಲಿ ಅದೇ ಅರಿವನ್ನು ವಿಸ್ತರಿಸಬೇಕಾಗಿದೆ. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಮೊದಲ ನಿರ್ದೇಶಕರಾಗಿದ್ದ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ವಿಜ್ಞಾನಿಗಳೇ ಭದ್ರತೆ ಮತ್ತು ಕ್ಷಿಪಣಿಗಳ ಅಧ್ಯಯನ ನಡೆಸುವ ಪರಂಪರೆಯೊಂದು ಬೆಳೆದಿದೆ; ಅಂಥ ಜ್ಞಾನವನ್ನು ಸರ್ಕಾರದ ನಿರ್ಧಾರ ಪ್ರಕ್ರಿಯೆಯೊಳಗೆ ಕಾಯಂ ಆಗಿ ನೆಲೆಗೊಳಿಸುವ ಏರ್ಪಾಡು ಬೇಕು.

ಹಾಗಾದರೆ ಯಾವ ವಿಲೀನ ಒಪ್ಪತಕ್ಕದ್ದು? ಶಸ್ತ್ರಾಸ್ತ್ರ ನಿಯಂತ್ರಣದ ಹೊಣೆ ಹೊತ್ತವರಿಗೆ, ತಮ್ಮ ಮೇಲಧಿಕಾರಿಯ ನಿಲುವಿಗೆ ವಿರುದ್ಧವಾದ ಅಭಿಪ್ರಾಯವನ್ನು ರಾಷ್ಟ್ರದ ಮುಖ್ಯಸ್ಥರಿಗೆ ಬರವಣಿಗೆಯಲ್ಲಿ ತಲುಪಿಸುವ ಹಕ್ಕು ಕಾನೂನಿನಿಂದ ಬಂದಿರಬೇಕು, ಮತ್ತು ಅದನ್ನು ಬಳಸಿದ್ದಕ್ಕೆ ದಂಡನೆಯಾಗದಂಥ ರಕ್ಷಣೆ ಇರಬೇಕು. ಒಪ್ಪಂದವನ್ನು ಕುದುರಿಸುವವರು ಮತ್ತು ಅದರ ಅಪಾಯವನ್ನು ಅಳೆಯುವವರು ಬೇರೆಯಾಗಿರಬೇಕು. ವಿಜ್ಞಾನಿಗಳಿಗೂ ಒಪ್ಪಂದತಜ್ಞರಿಗೂ ವರ್ಗಾವಣೆಯ ಚಕ್ರದಿಂದ ಹೊರಗಿರುವ, ಬಡ್ತಿಯ ದಾರಿ ತೆರೆದಿರುವ ಕಾಯಂ ವೃತ್ತಿವರ್ಗವಿರಬೇಕು. ಈ ಮೂರೂ ಇದ್ದರೆ ಕೆಲಸ ವಿದೇಶಾಂಗ ಇಲಾಖೆಯೊಳಗಿದ್ದರೂ ನಡೆಯುತ್ತದೆ. ಇಲ್ಲದಿದ್ದರೆ ಪ್ರತ್ಯೇಕ ಸಂಸ್ಥೆಯೂ ಬರಿಯ ನಾಮಫಲಕವಾಗುತ್ತದೆ. 1999ರ ನಿರ್ಧಾರದ ದೋಷವೆಂದರೆ, ಸ್ವತಂತ್ರ ಸಂಸ್ಥೆ ಇದ್ದುದರಿಂದಲೇ ಉಳಿದುಬಂದಿದ್ದ ಈ ಮೂರು ಗುಣಗಳಿಗೆ ಹೊಸ ಆಸರೆ ಕಟ್ಟದೆ ಹಳೆಯ ಆಸರೆಯನ್ನು ತೆಗೆದದ್ದು.

ರಾಜತಾಂತ್ರಿಕತೆ ಇಂದಿನ ಸಂಬಂಧಗಳನ್ನು ಕಾಪಾಡುತ್ತದೆ, ಅದು ಅದರ ಧರ್ಮ. ಶಸ್ತ್ರಾಸ್ತ್ರ ನಿಯಂತ್ರಣ ಇನ್ನೂ ಹುಟ್ಟದವರ ಸುರಕ್ಷತೆಯನ್ನು ಇಂದಿನ ಲೆಕ್ಕದೊಳಗೆ ತರಲು ಯತ್ನಿಸುತ್ತದೆ. ಆ ಜನರಿಗೆ ಯಾವ ದೇಶದಲ್ಲೂ ರಾಯಭಾರ ಕಚೇರಿಯಿಲ್ಲ, ಮತವೂ ಇಲ್ಲ. ಎರಡರ ನಡುವೆ ಘರ್ಷಣೆ ಬರುವುದು ಸಹಜ, ಹಲವು ಬಾರಿ ಮೊದಲನೆಯದೇ ಗೆಲ್ಲುವುದೂ ಸಹಜ. ಆದರೆ ಆ ಗೆಲುವು ವಾದವನ್ನು ಕೇಳಿದ ಮೇಲೆ ಬರಬೇಕು, ಮತ್ತು ಕೇಳಿಸಿಕೊಂಡವರು ಜನರಿಗೆ ಉತ್ತರ ಹೇಳಬೇಕಾದ ಸ್ಥಾನದಲ್ಲಿರುವವರಾಗಿರಬೇಕು. ಇಷ್ಟನ್ನು ಖಾತರಿಪಡಿಸುವ ಕಾನೂನು ಯಾವ ಸರ್ಕಾರಕ್ಕೂ ಹೊರೆಯಲ್ಲ. ಸಾವಿರಾರು ಅಣ್ವಸ್ತ್ರಗಳು ಸನ್ನದ್ಧವಾಗಿರುವ ಜಗತ್ತಿನಲ್ಲಿ ಅದು ಕನಿಷ್ಠ ವಿವೇಕ.